ದರಪಟ್ಟಿ ಪರದೆ ತಡೆದು ತಡೆದು ಓಡುತ್ತಿದ್ದರೆ ಬೋರ್ಡ್ ಬದಲಿಸಬೇಕಾ?
ಕೋಲಾರದ ಟೊಮೆಟೊ ಮಂಡಿಯ ದರಪಟ್ಟಿಗೆ ಮಾಲಿ-400 ಜಿಪಿಯು (ಚಿತ್ರ ಬಿಡಿಸುವ ಘಟಕ) ಇರುವ ಲಿನಕ್ಸ್ ಬೋರ್ಡ್, ಅಂದರೆ ಪುಟ್ಟ ಕಂಪ್ಯೂಟರ್ ಹಾಕಿದ್ದೀರಿ, ಸಾಲುಗಳು ತಡೆದು ತಡೆದು ಓಡುತ್ತಿವೆ, ಅಲ್ವಾ? ಬೋರ್ಡ್ ಬದಲಿಸಬೇಡಿ, ಸುಮ್ನೆ ದುಡ್ಡು ದಂಡ.

ಮೊದಲು ಇಜಿಎಲ್‌ಇನ್ಫೋ (eglinfo) ಅನ್ನೋ ಕಮಾಂಡ್ ಓಡಿಸಿ ರೆಂಡರರ್, ಅಂದರೆ ಚಿತ್ರ ಬಿಡಿಸುತ್ತಿರುವುದರ ಹೆಸರು ನೋಡಿ. ಎಲ್‌ಎಲ್‌ವಿಎಂಪೈಪ್ (llvmpipe) ಅಂತ ಬಂದರೆ ಜಿಪಿಯು ಕೈಕಟ್ಟಿ ಕೂತಿದೆ, ಚಿತ್ರ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಮೇಲೆ ಬಿದ್ದಿದೆ. ಪರದೆಗೆ ಚಿತ್ರ ಕಳಿಸುವ ಡ್ರೈವರ್ ಬೇರೆಯೇ. ಹಾಗಾಗಿ ಚಿತ್ರ ಕಂಡ ಮಾತ್ರಕ್ಕೆ ಜಿಪಿಯು ದುಡಿಯುತ್ತಿದೆ ಅಂದುಕೊಳ್ಳಬೇಡಿ.

ಜಿಪಿಯು ಡ್ರೈವರ್ ಎರಡು ತುಂಡು. ಒಂದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ, ಇನ್ನೊಂದು ಮೆಸಾ ಅನ್ನೋ ಗ್ರಾಫಿಕ್ಸ್ ಲೈಬ್ರರಿಯಲ್ಲಿ. ಮಾಲಿ-400ಕ್ಕೆ ಬೇಕಾದ್ದು ಲಿಮಾ ಅನ್ನೋ ಡ್ರೈವರ್. ಅದರ ಕರ್ನಲ್ ಭಾಗ 2019ರಲ್ಲಿ ಲಿನಕ್ಸ್ 5.2ಕ್ಕೆ ಸೇರಿತು. ಬೋರ್ಡ್ ಜೊತೆ ಬಂದ ಕರ್ನಲ್ ಅದಕ್ಕಿಂತ ಹಳೆಯದಾದರೆ ಎಷ್ಟು ಹುಡುಕಿದರೂ ಅದರಲ್ಲಿ ಲಿಮಾ ಸಿಗುವುದಿಲ್ಲ (ನಾನೂ ಹೀಗೇ ಎರಡು ದಿನ ಒದ್ದಾಡಿದ್ದೆ). ಹೊಸ ಕರ್ನಲ್ ಹಾಕಿ, ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ಜಿಪಿಯು ನೋಡ್, ಅಂದರೆ ಜಿಪಿಯುವಿನ ನಮೂದು ಚಾಲೂ ಇದೆಯಾ ನೋಡಿ.