ಹಳೆ ಟೇಪು, ಹೊಸ ಮಾಸ್ಟರಿಂಗ್

ಪ್ರಶ್ನೆ: ಕಂಡಕ್ಟರ್ ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜತೆ ಧ್ವನಿಮುದ್ರಿಸಿದ ಬೀಥೋವನ್‌ನ ಐದನೇ ಸಿಂಫನಿಯ ಹಳೆ ಸಿ.ಡಿ. ಇದೆ. ರೀಮಾಸ್ಟರ್ ಆದದ್ದನ್ನೂ (ಅದೇ ಹಳೆ ಟೇಪಿನ ಧ್ವನಿಯನ್ನು ಹೊಸದಾಗಿ ಹದಗೊಳಿಸಿದ್ದು) ಕೊಳ್ಳಬೇಕೆ?

ಉತ್ತರ: ಕೇಳಿ ನೋಡದೆ ಬೇಡ. ಮೊದಲು ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. 1 ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ‘ಚೆನ್ನ’ ಎಂದುಬಿಡುತ್ತದೆ. ಆಮೇಲೆ ಮೂರನೇ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಜಾಗ ಹಾಕಿ. ತಂತಿವಾದ್ಯಗಳು ಉಸಿರು ಬಿಗಿಹಿಡಿದಿರುತ್ತವೆ, ಟಿಂಪನಿ ಎಂಬ ದೊಡ್ಡ ನಗಾರಿ ಮೆಲ್ಲಗೆ ಮಿಡಿಯುತ್ತಿರುತ್ತದೆ. ಏರುತ್ತ ಏರುತ್ತ, ಅಲ್ಲಿಯವರೆಗೆ ಸುಮ್ಮನಿದ್ದ ಹಿತ್ತಾಳೆಯ ಊದುವಾದ್ಯ ಟ್ರೊಂಬೋನ್‌ಗಳೊಡನೆ ಸಿ ಮೇಜರ್ ಸ್ವರಶ್ರೇಣಿ ಸಿಡಿಯುತ್ತದೆ. ಈ ರೆಕಾರ್ಡಿಂಗ್ ಹಳತಾಗದಿರುವುದು ಇಂಥ ಬಿಗುವಿನಿಂದಲೇ. ಆ ಮೆಲುಮಿಡಿತವೇ ಜೋರಾಗಿ ಕೇಳಿದರೆ ಕಂಪ್ರೆಸ್ ಮಾಡಿದ್ದಾರೆ, ಅಂದರೆ ಮೆಲುದನಿಗೂ ಜೋರುದನಿಗೂ ಇರುವ ಅಂತರ ಕುಗ್ಗಿಸಿದ್ದಾರೆ, ಬಿಟ್ಟುಬಿಡಿ. ಟೇಪಿನ ‘ಸುಂಯ್’ ಸದ್ದು ಪೂರ್ತಿ ಮಾಯವಾಗಿದ್ದರೂ ಹಿಗ್ಗಬೇಡಿ: ಅದರೊಂದಿಗೆ ಪಿಟೀಲಿನ ಹೊಳಪು, ಸಭಾಂಗಣದ ಅನುರಣನವೂ ಒರೆಸಿಹೋಗಿರುವುದೇ ಹೆಚ್ಚು.