ಓಡಾಡುತ್ತ ಕಲಿತರೆ ಪಾಠ ಹಿಂದೆ ಬೀಳುವುದೇ?

ಪ್ರಶ್ನೆ: ಏಳನೆಯ ತರಗತಿಗೆ ಗಣಿತ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಎಬ್ಬಿಸಿ ಆಟದ ಮೂಲಕ ಕಲಿಸಿದರೆ ಗದ್ದಲವಾಗುತ್ತದೆ, ಪಾಠ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ತಮ್ಮ ಅಭಿಪ್ರಾಯವೇನು?
— ಓರ್ವ ಶಿಕ್ಷಕಿ, ಬಾದಾಮಿ ತಾಲ್ಲೂಕು

ಉತ್ತರ: ಆಕ್ಷೇಪದಲ್ಲಿ ಸತ್ಯಾಂಶವಿದೆ, ಪಾಠಕ್ಕೆ ಸಂಬಂಧವಿಲ್ಲದ ಆಟ ಕೇವಲ ಕಾಲಹರಣ. ಆದರೆ ಹೆಜ್ಜೆಯೇ ಲೆಕ್ಕವಾದಾಗ ಮಾತು ಬೇರೆ. ಪಡಸಾಲೆಯ ನೆಲದ ಮೇಲೆ ಋಣ 10ರಿಂದ ಧನ 10ರವರೆಗೆ ಸಂಖ್ಯಾರೇಖೆ ಬರೆಯಿರಿ. ಕೂಡುವಾಗ ಧನದ ಕಡೆಗೆ, ಕಳೆಯುವಾಗ ಋಣದ ಕಡೆಗೆ ಮುಖ ಮಾಡಬೇಕು. ಎರಡನೆಯ ಸಂಖ್ಯೆ ಧನವಾದರೆ ಮುಂದಕ್ಕೆ, ಋಣವಾದರೆ ಹಿಂದಕ್ಕೆ ನಡೆಯಬೇಕು. 3ರಿಂದ ಋಣ 2ನ್ನು ಕಳೆಯಬೇಕಾದ ಮಗು 3ರ ಮೇಲೆ ನಿಂತು, ಋಣದ ಕಡೆಗೆ ತಿರುಗಿ, ಎರಡು ಹೆಜ್ಜೆ ಹಿಂದೆ ಸರಿದು 5ನ್ನು ತಲುಪಿದಾಗ, ಕಳೆದರೂ ಉತ್ತರ ಏಕೆ ಹೆಚ್ಚಾಯಿತೆಂಬುದು ಕಣ್ಣಿಗೇ ಕಾಣುತ್ತದೆ. ಉಳಿದವರು ಸುಮ್ಮನೆ ನೋಡಬಾರದು; ಆ ಮಗು ನಡೆಯುವ ಮೊದಲೇ ತಮ್ಮ ಉತ್ತರವನ್ನು ಬರೆದಿಟ್ಟುಕೊಳ್ಳಲಿ. ಗದ್ದಲ ಬಹುಮಟ್ಟಿಗೆ ಇಳಿಯುವುದು ಇಲ್ಲಿಯೇ.

ಇತಿಹಾಸಕ್ಕೆ ನಿಮ್ಮೂರಿನ ಸುತ್ತಲೇ ಸಾಮಗ್ರಿಯಿದೆ. ಹತ್ತು ವರ್ಷಕ್ಕೊಂದು ಹೆಜ್ಜೆಯಂತೆ, ಬಾದಾಮಿ ಕೋಟೆಯ ಶಾಸನದ ಕಾಲವಾದ 543ರಿಂದ ಐಹೊಳೆ ಶಾಸನದ 634ಕ್ಕೆ ಒಂಬತ್ತು ಹೆಜ್ಜೆ ನಡೆದ ಮಗುವಿಗೆ, ಪಲ್ಲವರು ಬಾದಾಮಿಯನ್ನು ಗೆದ್ದ 642 ಅಲ್ಲಿಂದ ಒಂದು ಹೆಜ್ಜೆಯೂ ಇಲ್ಲವೆಂಬುದು ತಿಳಿಯುತ್ತದೆ.

ಚಟುವಟಿಕೆಯ ಕಲಿಕೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಕೆಳಗಿನ ತರಗತಿಗಳ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿಯೇ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಯಿತು. ಮೇಲಿನ ತರಗತಿಗಳಲ್ಲಿ ಅದನ್ನು ಮರೆಯುವುದೇಕೋ! ಬೇಸಿಗೆಯಲ್ಲಿ ಮಾತ್ರ ಇಂಥ ಪಾಠವನ್ನು ಮೊದಲ ಅವಧಿಗೇ ಇರಿಸಿಕೊಳ್ಳಿ, ನಡೆಯಲಾಗದ ಮಗುವಿಗೆ ಹೆಜ್ಜೆಗಳನ್ನು ನಿರ್ದೇಶಿಸುವ ಕೆಲಸ ಕೊಡಿ.