ಗೋಡೆ ಮೇಲಿನ ಲೋಕ, ಕದ್ದು ಹೊರಬಿದ್ದ ನೋಟ್ಸು

ಪತ್ರ: “ಭೂಮಿ ಚಪ್ಪಟೆ ಅಂತ ನಂಬಿದ್ದ ಕಾಲದಲ್ಲಿ, ರೋಮನ್ ಸಾಮ್ರಾಜ್ಯದ ಕೊನೆಗಾಲದ ಶಾಲೆಗಳಲ್ಲಿ ಭೂಗೋಳ ಅಂತ ಏನು ಹೇಳಿಕೊಡುತ್ತಿದ್ದರು?” – ಒಬ್ಬ ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಜೊತೆ ಸ್ವಲ್ಪ ಜಗಳ. ಆಗಿನ ಓದಿದವರಲ್ಲಿ ಹೆಚ್ಚಿನವರು ಭೂಮಿ ಗುಂಡಗಿದೆ ಎಂದೇ ತಿಳಿದಿದ್ದರು. 5ನೇ ಶತಮಾನದ ಲ್ಯಾಟಿನ್ ಲೇಖಕ ಮಾಕ್ರೋಬಿಯಸ್ ಅದನ್ನು ಐದು ಪಟ್ಟಿಗಳಾಗಿ ವಿವರಿಸಿದ್ದಾನೆ. ಎರಡು ತುದಿಯಲ್ಲಿ ಕೊರೆಯುವ ಚಳಿ, ನಡುವೆ ಉರಿ, ಇವುಗಳ ಸಂದಿಯಲ್ಲಿ ಬದುಕಬಹುದಾದ ಎರಡು ಪಟ್ಟಿ.

ಆದರೆ ‘ಭೂಗೋಳದ ಪಿರಿಯಡ್’ ಅಂತ ಬೇರೆ ಇರಲಿಲ್ಲ. ಪದ್ಯ ಓದಿಸುವಾಗ ಯಾವುದೋ ನದಿಯ ಹೆಸರು ಬಂದರೆ, ಅದು ಎಲ್ಲಿದೆ ಅಂತ ವ್ಯಾಕರಣದ ಮೇಷ್ಟ್ರೇ ಹೇಳಬೇಕು. ಡಯೋನೀಸಿಯಸ್ ಎಂಬ ಕವಿ ಇಡೀ ಲೋಕವನ್ನು ಸುಮಾರು 1,200 ಸಾಲಿನ ಗ್ರೀಕ್ ಪದ್ಯದಲ್ಲಿ ಹೇಳಿದ್ದ. ಅದನ್ನು ಲ್ಯಾಟಿನ್ನಿಗೆ ತಂದವರಲ್ಲಿ ಒಬ್ಬನಾದ ಪ್ರಿಸ್ಕಿಯನ್ ಕೂಡ ವ್ಯಾಕರಣದ ಮೇಷ್ಟ್ರೇ.

ಭೂಪಟವೂ ಇತ್ತು. ಈಗಿನ ಫ್ರಾನ್ಸ್‌ನ ಓತಂ ಊರಿನಲ್ಲಿ ಹಾಳುಬಿದ್ದ ಶಾಲೆ ಕಟ್ಟಿಸಲು ಅಲ್ಲಿನ ಮೇಷ್ಟ್ರು ಯುಮೇನಿಯಸ್ ಎಂಬಾತ 298ರ ಸುಮಾರಿಗೆ ಒಂದು ಭಾಷಣ ಮಾಡಿದ. ತನ್ನ 6 ಲಕ್ಷ ನಾಣ್ಯದ ಸಂಬಳವನ್ನೇ ಅದಕ್ಕೆ ಕೊಡುತ್ತೇನೆ ಎಂದ! ಶಾಲೆಯ ಜಗಲಿಯ ಗೋಡೆಯಲ್ಲಿ ಹುಡುಗರು ದಿನಾ ಲೋಕವನ್ನು ನೋಡಲಿ ಅನ್ನುವುದು ಅವನ ಆಸೆ. ಊರುಗಳ ಹೆಸರು, ಅವುಗಳ ನಡುವಿನ ದೂರ, ನದಿ ಹುಟ್ಟುವ ಜಾಗ, ಸಮುದ್ರ ಸೇರುವ ಜಾಗ, ಕರಾವಳಿ ಎಲ್ಲೆಲ್ಲಿ ಬಾಗುತ್ತದೆ, ಎಲ್ಲವೂ ಅದರಲ್ಲಿತ್ತು. ಚಕ್ರವರ್ತಿಗಳು ಗೆದ್ದ ಸುದ್ದಿ ಬಂದಾಗ ಆ ನಾಡನ್ನು ಗೋಡೆಯಲ್ಲಿ ಹುಡುಕಬೇಕು. ಪಾಠದ ಜೊತೆಗೆ ರಾಜಭಕ್ತಿಯೂ ಆಯಿತು, ಬಿಡಿ.

ನನಗೆ ಜಾಸ್ತಿ ಇಷ್ಟವಾದವನು ಜೂಲಿಯಸ್ ಹೊನೋರಿಯಸ್ ಎಂಬ ಇನ್ನೊಬ್ಬ ಮೇಷ್ಟ್ರು. ಲೋಕವನ್ನು ನಾಲ್ಕು ದಿಕ್ಕಿನ ಮಹಾಸಾಗರಗಳ ಲೆಕ್ಕದಲ್ಲಿ ಹಂಚಿ, ಒಂದೊಂದರ ಕೆಳಗೆ ಸಮುದ್ರ, ದ್ವೀಪ, ಬೆಟ್ಟ, ಪ್ರಾಂತ್ಯ, ಊರು, ನದಿ, ಜನಾಂಗ ಅಂತ ಪಟ್ಟಿ ಮಾಡಿದವನು. ಅದನ್ನು ಹೊರಗೆ ಬಿಟ್ಟವನು ಶಿಷ್ಯ. ‘ಗುರುಗಳು ಒಪ್ಪಲಿಲ್ಲ, ತಪ್ಪಿಸಿಕೊಳ್ಳುತ್ತಿದ್ದರು, ಆದರೂ ನಾನೇ ಹೊರಗೆ ತಂದೆ’ ಎಂಬರ್ಥದ ಮಾತನ್ನು ಅವನೇ ಬರೆದಿಟ್ಟಿದ್ದಾನೆ. ನಿಮ್ಮ ಶಿಷ್ಯರಲ್ಲೂ ಇಂಥವರು ಇದ್ದರು, ಅಲ್ವಾ? 6ನೇ ಶತಮಾನದಲ್ಲಿ ಕ್ಯಾಸಿಯೊಡೋರಸ್ ದಕ್ಷಿಣ ಇಟಲಿಯ ತನ್ನ ಮಠದ ಸನ್ಯಾಸಿಗಳಿಗೆ ಓದಲು ಹೇಳಿದ ಪುಸ್ತಕಗಳಲ್ಲಿ ಇದೂ ಒಂದು.

ಚಪ್ಪಟೆ ಎಂದವರು ಇರಲೇ ಇಲ್ಲ ಅಂತಲ್ಲ. ಸುಮಾರು 550ರಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್, ಲೋಕ ಅಂದರೆ ಕಮಾನಿನ ಮುಚ್ಚಳದ ಉದ್ದನೆಯ ಪೆಟ್ಟಿಗೆ ಎಂದು ವಾದಿಸಿದ. ಗುಂಡಗಿದೆ ಎನ್ನುವವರ ಮೇಲಿನ ಸಿಟ್ಟು ಪುಟಪುಟಕ್ಕೂ ಕಾಣುತ್ತದೆ. ಆದರೆ ಅವನು ಒಂದು ಕಾಲಕ್ಕೆ ವ್ಯಾಪಾರಿ, ಬಂದರುಗಳ ವಿಷಯ ಗೊತ್ತಿತ್ತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕರಿಮೆಣಸು ಸಿಗುವ ಐದು ಪೇಟೆಗಳನ್ನು ಹೆಸರಿಸಿದ್ದಾನೆ: ಪಾರ್ತಿ, ಮಂಗರೂತ್, ಸಲೋಪಟನ, ನಲೋಪಟನ, ಪುಡೋಪಟನ. ಮಂಗರೂತ್ ನಮ್ಮ ಮಂಗಳೂರೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕೊನೆಯ ಮೂರನ್ನು ಒಮ್ಮೆ ಜೋರಾಗಿ ಓದಿ ನೋಡಿ, ಬಾಲದಲ್ಲಿ ‘ಪಟ್ಟಣ’ ಕೇಳಿಸುತ್ತದೆ.